ಎರಡು ಮಕ್ಕಳು, ಏಳು ಬೋರ್‌ವೆಲ್

ಕಳೆದ ಫಾಲ್ಗುಣದಲ್ಲಿ ಜಾತ್ರೆಗೆಂದು ಊರಿಗೆ ಹೋಗಿದ್ದೆ. ನನ್ನದು ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಹೋಬಳಿಯ ಒಂದು ಸಣ್ಣ ಹಳ್ಳಿ. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ತೇರು ಎಳೆದ ಮರುದಿನ ಬೆಳಿಗ್ಗೆ ಅಣ್ಣನೊಂದಿಗೆ ಹೊಲದ ಕಡೆ ನಡೆದು ಹೋಗುವಾಗಲೂ ಹಿಂದಿನ ದಿನದ ಆ ಜನಸಾಗರ ನನ್ನ ಕಣ್ಣಿನಿಂದ ಮರೆಯಾಗಿರಲಿಲ್ಲ. 'ಜನ ವಿಪರೀತ ಆಗಿಬಿಟ್ರು ಅಣ್ಣ. ಈ ನೆಲ ಎಷ್ಟು ಜನರನ್ನು ಅಂತ ತಾಳುತ್ತೆ?' ಎಂದೆ.

ಅಣ್ಣ ಎಸ್ಸೆಸ್ಸೆಲ್ಸಿ ದಾಟಿದವನಲ್ಲ. ಅವನು ನಡೆಯುವುದನ್ನು ನಿಲ್ಲಿಸಿ ಹೊಲದ ಮೂಲೆಯಲ್ಲಿ ಕಲ್ಲು ಮುಚ್ಚಿದ್ದ ಒಂದು ಕೊಳವೆಬಾವಿಯ ಕೇಸಿಂಗ್ ಪೈಪಿನತ್ತ ಕೈ ತೋರಿಸಿದ. 'ನಮ್ಮಪ್ಪನಿಗೆ ಆರು ಮಕ್ಕಳು, ಒಂದು ಬಾವಿ. ನನಗೆ ಎರಡು ಮಕ್ಕಳು, ಏಳು ಬೋರು. ಜಾಸ್ತಿ ಆಗಿರೋದು ಯಾವುದಪ್ಪ?' ಎಂದು ಕೇಳಿದ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂವತ್ತನಾಲ್ಕು ವರ್ಷ ಸರ್ಕಾರದ ಸೇವೆಯಲ್ಲಿದ್ದ ನನ್ನ ಬಳಿ ಆ ಪ್ರಶ್ನೆಗೆ ತಕ್ಷಣಕ್ಕೆ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಒಂದು ತಡವಾದ ಪ್ರಯತ್ನ.

ಜನಸಂಖ್ಯೆಯೇ ಸಕಲ ಪರಿಸರ ಸಂಕಟಗಳ ಮೂಲ ಎಂಬ ಪಾಠ ನನ್ನ ಪೀಳಿಗೆಗೆ ಬಾಲ್ಯದಿಂದಲೇ ಬಂದದ್ದು. 1798ರಲ್ಲಿ ಮಾಲ್ಥಸ್ ಬರೆದ ಪ್ರಬಂಧವನ್ನು ಎಂ.ಎ. ತರಗತಿಯಲ್ಲಿ ಓದಿದೆವು. 1968ರಲ್ಲಿ ಪಾಲ್ ಎರ್ಲಿಕ್ ಪ್ರಕಟಿಸಿದ 'ದಿ ಪಾಪ್ಯುಲೇಷನ್ ಬಾಂಬ್' ಕೃತಿಯ ಭೀತಿ ನಮ್ಮ ಪರೀಕ್ಷಾ ಪತ್ರಿಕೆಗಳಿಗೂ ಇಳಿದಿತ್ತು. ಊರೂರಿನ ಗೋಡೆಗಳ ಮೇಲೆ ಕೆಂಪು ತ್ರಿಕೋನವಿತ್ತು. ಆ ಭಯ ಸಂಪೂರ್ಣ ಹುಸಿಯಾಗಿತ್ತೆಂದು ನಾನು ಹೇಳುವುದಿಲ್ಲ. ಇಂದಿನ ಕರ್ನಾಟಕದ ಭೂಭಾಗದಲ್ಲಿ 1951ರಲ್ಲಿ 1.94 ಕೋಟಿ ಜನರಿದ್ದರು. 2011ರ ಜನಗಣತಿಯ ವೇಳೆಗೆ ಆ ಸಂಖ್ಯೆ 6.11 ಕೋಟಿ ಮುಟ್ಟಿತು. ಅರವತ್ತು ವರ್ಷಗಳಲ್ಲಿ ಮೂರು ಪಟ್ಟು! ನೆಲ ಮಾತ್ರ ಒಂದು ಅಂಗುಲವೂ ಬೆಳೆಯಲಿಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತವು ಚೀನಾವನ್ನು ಹಿಂದಿಕ್ಕಿ ಜಗತ್ತಿನ ಅತಿ ಹೆಚ್ಚು ಜನಸಂಖ್ಯೆಯ ದೇಶವಾಯಿತು.

ಆದರೆ ಇದೇ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದನ್ನು ನಮ್ಮಲ್ಲಿ ಬಹುಮಂದಿ ಇನ್ನೂ ಓದಿಲ್ಲ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ ಮೂರರ ಹತ್ತಿರ ಮಕ್ಕಳಿದ್ದರು. 2019-21ರ ಐದನೆಯ ಸಮೀಕ್ಷೆಯಲ್ಲಿ ಅದು 1.7ಕ್ಕೆ ಇಳಿದಿದೆ. ಒಂದು ಪೀಳಿಗೆ ತನ್ನ ಸ್ಥಾನಕ್ಕೆ ಅಷ್ಟೇ ಜನರನ್ನು ಬಿಟ್ಟುಹೋಗಲು ಬೇಕಾದ ಪ್ರಮಾಣ 2.1. ಅಂದರೆ ನಾವು ಆ ಗೆರೆಯನ್ನು ದಾಟಿ ಕೆಳಗಿಳಿದು ವರ್ಷಗಳೇ ಕಳೆದಿವೆ. ನಮ್ಮ ಜಿಲ್ಲೆಯ ಲೆಕ್ಕ ಇನ್ನೂ ಸ್ಪಷ್ಟ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿದರೆ, ಚಿತ್ರದುರ್ಗ ಜಿಲ್ಲೆಯದು 15.18 ಲಕ್ಷದಿಂದ 16.59 ಲಕ್ಷಕ್ಕೆ, ಅಂದರೆ ಕೇವಲ ಶೇ 9.3ರಷ್ಟು ಏರಿತು. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು.

ಹೀಗಿರುವಾಗ ಚಳ್ಳಕೆರೆಯ ಅಂತರ್ಜಲ ಚೇತರಿಸಿಕೊಳ್ಳಬೇಕಿತ್ತಲ್ಲವೇ? ಕನಿಷ್ಠ ಕುಸಿತದ ವೇಗವಾದರೂ ತಗ್ಗಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆ, ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನದಲ್ಲಿ 'ಅತಿ ಬಳಕೆ'ಯ ಪಟ್ಟಿಗೆ ಸೇರಿದೆ. ವರ್ಷಕ್ಕೆ ಭೂಮಿಯೊಳಗೆ ಇಂಗುವುದಕ್ಕಿಂತ ಹೆಚ್ಚಿನ ನೀರನ್ನು ಮೇಲೆತ್ತಲಾಗುತ್ತಿದೆ ಎಂಬುದು ಇದರ ಅರ್ಥ. ಮಕ್ಕಳು ಕಡಿಮೆಯಾದರು, ನೀರು ಇನ್ನಷ್ಟು ಕಡಿಮೆಯಾಯಿತು. ಅಣ್ಣನ ಪ್ರಶ್ನೆ ಇದನ್ನೇ ಕುರಿತದ್ದು.

ಈ ಒಗಟನ್ನು ಬಿಡಿಸಲು ನಾನು ಮೊದಲು ನನ್ನ ಸ್ವಂತ ಸೇವಾ ಪುಸ್ತಕವನ್ನೇ ತೆರೆಯಬೇಕು.

ಜನಸಂಖ್ಯಾ ನಿಯಂತ್ರಣದಲ್ಲಿ ನಮ್ಮ ನಾಡಿನದು ದೀರ್ಘ ಇತಿಹಾಸ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಸರ್ಕಾರವೇ ಮುಂದಾಗಿ ಇಂಥ ಕೆಲಸ ಮಾಡಿದ ಮೊದಲ ನಿದರ್ಶನಗಳಲ್ಲಿ ಅದೂ ಒಂದು. 1952ರಲ್ಲಿ ಭಾರತ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮ ಆರಂಭಿಸಿತು. ತುರ್ತು ಪರಿಸ್ಥಿತಿಯ 1976-77ನೇ ಸಾಲಿನಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಆ ಬಲವಂತದ ಕಹಿ ಎಷ್ಟಿತ್ತೆಂದರೆ, ಮುಂದೆ ಗಂಡಸರು ಈ ಕಾರ್ಯಕ್ರಮದಿಂದ ಹೆಚ್ಚುಕಡಿಮೆ ಪಾರಾದರು. ಇಡೀ ಹೊರೆ ಹೆಂಗಸರ ಮೇಲೆ ಬಿತ್ತು.

ನಾನು ಸೇವೆಗೆ ಸೇರಿದ್ದು ಅದರ ನಂತರ, 1980ರ ದಶಕದಲ್ಲಿ. ಆಗ ಬಲವಂತವಿರಲಿಲ್ಲ, 'ಗುರಿ' ಇತ್ತು. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ನಾನು ಕಿರಿಯ ಅಧಿಕಾರಿಯಾಗಿದ್ದೆ. ಮಾರ್ಚ್ ಬಂತೆಂದರೆ ಆರೋಗ್ಯ ಇಲಾಖೆಗೆ ಮಾತ್ರವಲ್ಲ, ಕಂದಾಯದವರಿಗೆ, ಶಾಲಾ ಮಾಸ್ತರರಿಗೆ, ಗ್ರಾಮಲೆಕ್ಕಿಗರಿಗೆ ಎಲ್ಲರಿಗೂ ಇಷ್ಟಿಷ್ಟು 'ಕೇಸು' ತರಬೇಕೆಂಬ ಹುಕುಂ. ಒಂದು ರಾತ್ರಿ ಶಿಬಿರ ನಡೆದಿದ್ದ ಶಾಲೆಗೆ ತಪಾಸಣೆಗೆ ಹೋದೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ಹೆಂಗಸರು ತರಗತಿಯ ನೆಲದ ಮೇಲೆ ಹಾಸಿದ ಜಮಖಾನದಲ್ಲಿ ಸಾಲಾಗಿ ಮಲಗಿದ್ದರು. ಬಾಗಿಲ ಬಳಿಯಿದ್ದ ಹೆಂಗಸಿನ ತಲೆಗೂದಲು ಅರ್ಧ ನೆರೆತಿತ್ತು. ವಯಸ್ಸು ಕೇಳಿದೆ. ಆಕೆಗಿಂತ ಮೊದಲು ಜೊತೆಗಿದ್ದ ಸಿಬ್ಬಂದಿಯೇ 'ಮೂವತ್ತೆಂಟು ಸಾರ್' ಎಂದರು. ಆಕೆ ಮಾತಾಡಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಮತ್ತೆ ಕೇಳಲಿಲ್ಲ. ಆ ವರ್ಷ ನಮ್ಮ ತಾಲ್ಲೂಕು ನಿಗದಿತ ಗುರಿ ಮೀರಿ ಸಾಧನೆ ಮಾಡಿತೆಂದು ವರದಿಯಾಯಿತು. ಆ ವರದಿಯ ಕೆಳಗೆ ನನ್ನ ಸಹಿಯೂ ಇತ್ತು.

ಅದೇ ತಿಂಗಳು ನಾನು ಇನ್ನೊಂದು ಬಗೆಯ ವರದಿಗೂ ಸಹಿ ಹಾಕಿದ್ದೆ. ಗೋಮಾಳದ ಜಮೀನನ್ನು ಬೇರೆ ಉದ್ದೇಶಕ್ಕೆ ಕೊಡಬೇಕಾದರೆ ಅದು ಊರಿನ ದನಕರುಗಳಿಗೆ ಹೆಚ್ಚುವರಿ ಎಂದು ತೋರಿಸಬೇಕು. ಕರ್ನಾಟಕ ಭೂಕಂದಾಯ ನಿಯಮಾವಳಿಯ 97ನೇ ನಿಯಮದ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕು. ಜಾನುವಾರುಗಳ ಸಂಖ್ಯೆ ಕಡಿಮೆಯಿದೆ ಎಂದು ಬರೆದರೆ ಹುಲ್ಲುಗಾವಲು ತಾನಾಗಿಯೇ 'ಹೆಚ್ಚುವರಿ'ಯಾಗುತ್ತದೆ. ಬೇಸಿಗೆಯಲ್ಲಿ ಮೇವು ಹುಡುಕಿ ಹೊರಗೂರಿಗೆ ಹೋದ ಮಂದೆಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಮನುಷ್ಯರ ಗರ್ಭಗಳನ್ನು ಒಂದೊಂದಾಗಿ ಎಣಿಸಿದ ನಾವು, ದನಗಳ ತಲೆಗಳನ್ನು ಕಚೇರಿಯಲ್ಲಿ ಕುಳಿತೇ ಎಣಿಸಿದೆವು. ಎಷ್ಟು ಕೊಳವೆಬಾವಿ ಕೊರೆಯಲಾಗಿದೆ ಎಂಬುದನ್ನಂತೂ ಎಣಿಸಲೇ ಇಲ್ಲ. ಸಂಖ್ಯೆಗಳನ್ನೇ ನಂಬಿದ ಆಡಳಿತವೊಂದು ಯಾವುದನ್ನು ಎಣಿಸಿತು, ಯಾವುದನ್ನು ಬಿಟ್ಟಿತು ಎಂಬುದರಲ್ಲೇ ನಮ್ಮ ಭಾಗದ ಪರಿಸರದ ಚರಿತ್ರೆ ಅಡಗಿದೆ ಎಂಬುದು ನನ್ನ ದೃಢ ಅಭಿಪ್ರಾಯ.

1994ರಲ್ಲಿ ಕೈರೋದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ನಂತರ, 1996ರಲ್ಲಿ ಭಾರತ ಗುರಿ ಪದ್ಧತಿಯನ್ನು ಕೈಬಿಟ್ಟಿತು. ಗುರಿ ಹೋದ ಮೇಲೂ ಜನನ ಪ್ರಮಾಣ ಇಳಿಯುತ್ತಲೇ ಹೋಯಿತು. ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಕ್ಕಳು ಬದುಕುಳಿಯತೊಡಗಿದವು, ಓದಿಸುವ ಖರ್ಚು ಏರಿತು. ನಮ್ಮ ಗುರಿಪಟ್ಟಿಗಳಿಗಿಂತ ತಾಯಂದಿರ ಲೆಕ್ಕಾಚಾರವೇ ಹೆಚ್ಚು ಕೆಲಸ ಮಾಡಿತು.

ಇನ್ನು ಅಣ್ಣನ ಏಳು ಬೋರ್‌ವೆಲ್‌ಗಳ ಕಡೆಗೆ ಬರೋಣ. ಇಲ್ಲಿ ಜನಸಂಖ್ಯೆಯ ಪಾತ್ರವೇ ಇಲ್ಲವೆಂದರೆ ಅದು ಅಪ್ರಾಮಾಣಿಕತೆಯಾದೀತು. ನಮ್ಮ ಅಜ್ಜನಿಗಿದ್ದದ್ದು 30 ಎಕರೆ ಖುಷ್ಕಿ. ಮೂವರು ಗಂಡುಮಕ್ಕಳಲ್ಲಿ ಹಂಚಿ ನಮ್ಮ ತಂದೆಗೆ ಬಂದದ್ದು 10 ಎಕರೆ. ನಾವು ನಾಲ್ವರು ಸೋದರರು. ತಲೆಗೆ ಎರಡೂವರೆ ಎಕರೆ. ನೌಕರಿ ಹಿಡಿದ ನಾವಿಬ್ಬರು ನಮ್ಮ ಪಾಲನ್ನು ಅಣ್ಣನಿಗೆ ಬಿಟ್ಟೆವು. ಕಿರಿಯ ತಮ್ಮ ತನ್ನದನ್ನು ಮಾರಿ ಬೆಂಗಳೂರು ಸೇರಿದ. ಮಳೆ ನಂಬಿ ಶೇಂಗಾ, ಸಜ್ಜೆ, ನವಣೆ ಬೆಳೆದರೆ ಮೂವತ್ತು ಎಕರೆಯಲ್ಲಿ ಒಂದು ಸಂಸಾರ ನಡೆದೀತು. ಎರಡೂವರೆ ಎಕರೆಯಲ್ಲಿ ನಡೆಯದು. ಆದ್ದರಿಂದ ನೆಲದ ಅಗಲ ಕಡಿಮೆಯಾದಂತೆ ರೈತ ನೆಲದ ಆಳಕ್ಕೆ ಹೋದ. ಹಿಂದಿನ ಪೀಳಿಗೆಯ ಆರು ಮಕ್ಕಳ ಪರಿಣಾಮ ಈ ಪೀಳಿಗೆಯ ಏಳು ಬೋರ್‌ವೆಲ್‌ಗಳಾಗಿ ಕಾಣಿಸಿಕೊಂಡಿದೆ ಎನ್ನಲು ಅಡ್ಡಿಯಿಲ್ಲ.

ಆದರೆ ಅದು ಅರ್ಧ ಸತ್ಯ ಮಾತ್ರ. ತಂದೆಯ ಕಾಲದಲ್ಲಿ ನಲವತ್ತು ಅಡಿಯ ಕಪಿಲೆ ಬಾವಿ ಇತ್ತು. ಎರಡು ಎತ್ತುಗಳು ದಿನವಿಡೀ ಎಳೆದರೂ ಮೇಲೆ ಬರುತ್ತಿದ್ದ ನೀರಿಗೆ ಒಂದು ಮಿತಿಯಿತ್ತು. ಎತ್ತುಗಳಿಗೆ ದಣಿವಾಗುತ್ತಿತ್ತು, ಬಾವಿಗೆ ಬಿಡುವು ಸಿಗುತ್ತಿತ್ತು. ಸಬ್‌ಮರ್ಸಿಬಲ್ ಪಂಪಿಗೆ ದಣಿವೆಂಬುದಿಲ್ಲ. ಜೊತೆಗೆ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ದೊರೆಯುತ್ತಿದೆ. ರೈತನ ಬವಣೆಯನ್ನು ಬಲ್ಲ ನಾನು ಈ ನೆರವನ್ನು ಹಳಿಯಲಾರೆ. ಆದರೆ ಬೆಲೆಯಿಲ್ಲದ ವಿದ್ಯುತ್ತು ಬೆಲೆಯಿಲ್ಲದ ನೀರನ್ನು ಎತ್ತುವಾಗ, ಮಿತಿಯನ್ನು ಹೇಳುವವರು ಯಾರು? ಅರ್ಥಶಾಸ್ತ್ರದ ಮೊದಲ ಪಾಠವೇ ಇಲ್ಲಿ ಮರೆತುಹೋಗಿದೆ. ಒಣಭೂಮಿಯ ತಾಲ್ಲೂಕಿನಲ್ಲಿ ಅಡಿಕೆ ತೋಟಗಳು ತಲೆಯೆತ್ತಿವೆ. ಅಣ್ಣನೂ ಒಂದೂವರೆ ಎಕರೆಗೆ ಅಡಿಕೆ ಇಟ್ಟ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಹರಿದಾಗ ಜಿಲ್ಲೆಯೇ ಸಂಭ್ರಮಿಸಿತು. ನಮ್ಮೂರಿನಲ್ಲಿ ಆ ಸಂಭ್ರಮದ ಫಲವೇನಾಯಿತೆಂದರೆ, ನೀರು ಬಂತೆಂಬ ಧೈರ್ಯದ ಮೇಲೆ ಮತ್ತಷ್ಟು ಅಡಿಕೆ ಸಸಿ, ಮತ್ತಷ್ಟು ಬೋರ್‌ವೆಲ್. ಅಣ್ಣನ ಏಳರಲ್ಲಿ ಐದು ಈಗಾಗಲೇ ಬತ್ತಿವೆ. ಆರನೆಯದು ಬೇಸಿಗೆಯಲ್ಲಿ ಗಾಳಿ ಕಕ್ಕುತ್ತದೆ. ಏಳನೆಯದು ಎಂಟುನೂರು ಅಡಿ. ಅದಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ.

ಪರಿಸರದ ಮೇಲಿನ ಒತ್ತಡವೆಂದರೆ ಜನರ ಸಂಖ್ಯೆ, ಪ್ರತಿಯೊಬ್ಬರ ಬಳಕೆ ಮತ್ತು ಬಳಸುವ ತಂತ್ರಜ್ಞಾನ, ಈ ಮೂರರ ಗುಣಲಬ್ಧ. 1970ರ ದಶಕದ ಆರಂಭದಲ್ಲಿ ಈ ಸೂತ್ರವನ್ನು ಮುಂದಿಟ್ಟವರಲ್ಲಿ ಅದೇ ಎರ್ಲಿಕ್ ಕೂಡ ಒಬ್ಬರು. ನಾವು ಮಾತ್ರ ಮೂರರಲ್ಲಿ ಮೊದಲನೆಯದನ್ನು ಹಿಡಿದುಕೊಂಡು ಉಳಿದೆರಡನ್ನು ಮರೆತೆವು.

ಇದನ್ನು ತಿಳಿಯಲು ನಮ್ಮ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಬೇಡ. ನಾನು ಹುಡುಗನಾಗಿದ್ದಾಗಲೂ ಜಾತ್ರೆಗೆ ಅಪಾರ ಜನ ಎತ್ತಿನ ಗಾಡಿಗಳಲ್ಲಿ ಬರುತ್ತಿದ್ದರು. ಹರಕೆಗೆ ಒಣ ಕೊಬ್ಬರಿ ಸುಡುತ್ತಿದ್ದರು, ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದರು. ಜಾತ್ರೆ ಮುಗಿದ ಮೇಲೆ ಉಳಿಯುತ್ತಿದ್ದದ್ದು ಎಲೆ, ಬೂದಿ, ಸಗಣಿ. ಒಂದೆರಡು ಮಳೆಗೆ ಅದೂ ಗೊಬ್ಬರವಾಗುತ್ತಿತ್ತು. ಈ ಸಲ ನಾನು ಕಂಡದ್ದು ಹೊಲದ ಬೇಲಿಗಳಿಗೆ ಸಿಕ್ಕಿಕೊಂಡ ನೀರಿನ ಪೊಟ್ಟಣ, ತಟ್ಟೆ, ಲೋಟಗಳ ರಾಶಿ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈನಿಂದ ಜಾರಿಯಲ್ಲಿದೆ. ಭಕ್ತರು ಹೆಚ್ಚಾಗಿರುವುದು ನಿಜ. ಆದರೆ ನೆಲವನ್ನು ಕೆಡಿಸಿದ್ದು ಭಕ್ತರ ತಲೆಯೆಣಿಕೆಗಿಂತ ಅವರ ಕೈಯಲ್ಲಿದ್ದ ವಸ್ತು.

ಮೂರನೆಯದೊಂದು ಸಂಗತಿಯಿದೆ; ಅದು ಸಾಮೂಹಿಕ ಆಸ್ತಿಯ ಪ್ರಶ್ನೆ. ನಾಯಕನಹಟ್ಟಿ ಎಂಬ ಹೆಸರಿನಲ್ಲೇ 'ಹಟ್ಟಿ' ಇದೆ. ಹಟ್ಟಿಯೆಂದರೆ ದನಗಾಹಿಗಳ ನೆಲೆ. ಮ್ಯಾಸನಾಯಕರ ದೇವರ ಎತ್ತುಗಳು, ಕಿಲಾರಿಗಳು, ಕುರುಬರ ಕುರಿಮಂದೆಗಳು, ಕಂಬಳಿ ನೇಯುವ ಮಗ್ಗಗಳು, ಇವೆಲ್ಲವೂ ಬದುಕಿದ್ದು ಅಮೃತಮಹಲ್ ಕಾವಲುಗಳ ಹುಲ್ಲಿನ ಮೇಲೆ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ವ್ಯವಸ್ಥೆಗೆ ಸೇರಿದ ಹುಲ್ಲುಗಾವಲುಗಳಿವು. ಕೃಷ್ಣಮೃಗ, ತೋಳ, ನೂರಾರು ಬಗೆಯ ಹಕ್ಕಿಗಳ ಆವಾಸವೂ ಹೌದು. ಕಂದಾಯ ದಾಖಲೆಯ ಕಣ್ಣಿಗೆ ಇದು ಮರವಿಲ್ಲದ ಬರಡು ಭೂಮಿ. ಕುರಿ ಕಾಯುವವನ ಕಣ್ಣಿಗೆ ವರ್ಷದ ಅನ್ನ.

2008ರಿಂದ 2010ರ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಶಿಕ್ಷಣ ಮತ್ತು ಸೌರವಿದ್ಯುತ್ ಯೋಜನೆಗಳಿಗೆ ಹಂಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಕುದಾಪುರದಲ್ಲಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಗೊಂಡಿತು. ದೇಶಕ್ಕೆ ಇವು ಬೇಡವೆಂದು ಹೇಳುವಷ್ಟು ಸಂಕುಚಿತ ನಾನಲ್ಲ. ಆದರೆ ತಮ್ಮ ಹುಲ್ಲುಗಾವಲಿಗೆ ಗೋಡೆ ಏಳುವವರೆಗೆ ಸುತ್ತಲಿನ ಹಳ್ಳಿಗಳ ಅನೇಕರಿಗೆ ಸುದ್ದಿಯೇ ತಿಳಿದಿರಲಿಲ್ಲ. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರ ತೀರ್ಪಿನ ನಂತರ ಯೋಜನೆಗಳು ಮುಂದುವರಿದವು. ಅಷ್ಟು ಭೂಮಿ ಒಮ್ಮೆಗೇ ಕೈತಪ್ಪಿದಾಗ ಉಳಿದ ಹುಲ್ಲಿನ ಮೇಲೆ ಅದೇ ಮಂದೆಗಳ ಭಾರ ಬೀಳುತ್ತದೆ. ಆಮೇಲೆ ಬಂದು ನೋಡುವವರು 'ಅತಿಮೇಯಿಸುವಿಕೆ' ಎನ್ನುತ್ತಾರೆ, 'ಜನ ಜಾಸ್ತಿ, ದನ ಜಾಸ್ತಿ' ಎನ್ನುತ್ತಾರೆ. ಭಾಜ್ಯವನ್ನು ಕುಗ್ಗಿಸಿ ಭಾಜಕವನ್ನು ದೂಷಿಸುವ ಗಣಿತವಿದು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಪ್ರಬಂಧ, ಎಲ್ಲರಿಗೂ ಸೇರಿದ ಹುಲ್ಲುಗಾವಲು ಜನ ಹೆಚ್ಚಿದಂತೆ ನಾಶವಾಗಲೇಬೇಕು ಎಂದು ವಾದಿಸಿತು. ನಮ್ಮ ಪೀಳಿಗೆಯ ಅಧಿಕಾರಿಗಳು ಅದನ್ನು ವೇದವಾಕ್ಯವೆಂದು ನಂಬಿದೆವು. ಎಲಿನಾರ್ ಆಸ್ಟ್ರೋಮ್ ಜಗತ್ತಿನ ಹಲವೆಡೆಯ ನಿದರ್ಶನಗಳನ್ನು ಅಧ್ಯಯನ ಮಾಡಿ, ಬಳಸುವ ಜನರೇ ಕಟ್ಟುಪಾಡು ರೂಪಿಸಿಕೊಂಡರೆ ಸಾಮೂಹಿಕ ಆಸ್ತಿ ಶತಮಾನಗಳ ಕಾಲ ಉಳಿಯಬಲ್ಲದೆಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನಮ್ಮವರೇ ಆದ ಎನ್.ಎಸ್. ಜೋಧಾ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ ಹಳ್ಳಿಗಳನ್ನು ಅಧ್ಯಯನ ಮಾಡಿ, 1950ರ ದಶಕದಿಂದ 80ರ ದಶಕದೊಳಗೆ ಸಾಮೂಹಿಕ ಭೂಮಿ ಮೂರನೇ ಒಂದರಿಂದ ಅರ್ಧದಷ್ಟು ಕರಗಿದ್ದನ್ನು 1986ರಲ್ಲೇ ದಾಖಲಿಸಿದ್ದರು. ಅದನ್ನು ಓದಬೇಕಾಗಿದ್ದವರು ನಾವು; ಓದಲಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ನಗರವಾಸಿಗಳು. ನಾನೂ ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ನೆಲೆಸಿದ್ದೇನೆ. ಆದ್ದರಿಂದ ಒಂದು ಮಾತನ್ನು ನನಗೂ ಸೇರಿಸಿಕೊಂಡೇ ಹೇಳುತ್ತೇನೆ. ಅಣ್ಣನ ಮಗ ಪೀಣ್ಯದ ಕಾರ್ಖಾನೆಯಲ್ಲಿದ್ದಾನೆ, ಬಾಡಿಗೆ ಮನೆಯಲ್ಲಿರುತ್ತಾನೆ. ಹಳ್ಳಿಯ ಲೆಕ್ಕದಲ್ಲಿ ಒಂದು ತಲೆ ಕಡಿಮೆಯಾಯಿತು. ಆದರೆ ಅವನ ಕುಟುಂಬ ಬಳಸುವ ನೀರು, ವಿದ್ಯುತ್ತು, ಇಂಧನ, ಅವನ ಮನೆಯ ಸಿಮೆಂಟು ಮರಳು ಇವೆಲ್ಲ ಎಲ್ಲಿಂದಲೋ ಬರಲೇಬೇಕು. ವೇದಾವತಿಯ ಮರಳು ಲಾರಿಗಳಲ್ಲಿ ನಗರಗಳ ಕಡೆಗೇ ಹೋಯಿತು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳು ಹರಡಿವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆ ವಿದ್ಯುತ್ತಿನಿಂದ ನಮ್ಮ ಲಿಫ್ಟು ಏರುತ್ತದೆ. ಹೀಗೆ ನಗರದ ಒಂದು ತಲೆಯ ಭಾರ ಹಳ್ಳಿಯ ನೆಲದ ಮೇಲೆ ಕಾಣದಂತೆ ಕೂತಿರುತ್ತದೆ. ಹಳ್ಳಿಯವರು ಹೆಚ್ಚು ಹೆರುತ್ತಾರೆಂದು ನಗರದ ವರಾಂಡದಲ್ಲಿ ಕೂತು ಮರುಗುವುದು ಈಗ ಅಂಕಿಅಂಶಗಳಿಗೂ ಒಪ್ಪದು, ನ್ಯಾಯಕ್ಕೂ ಒಪ್ಪದು.

ಈ ನಡುವೆ ಗಾಳಿ ಇನ್ನೊಂದು ದಿಕ್ಕಿಗೆ ತಿರುಗಿದೆ. 2024ರಲ್ಲಿ ನೆರೆಯ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಕರೆಯಿತ್ತರು. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ದಕ್ಷಿಣದ ರಾಜ್ಯಗಳಿಗೆ ನಷ್ಟವಾದೀತೆಂಬ ಆತಂಕ ಅರ್ಥವಾಗುವಂಥದ್ದೇ. ಆದರೆ ನಿನ್ನೆ ಹೆರಬೇಡಿ ಎಂದು ಜಮಖಾನದ ಮೇಲೆ ಮಲಗಿಸಿದ ಹೆಣ್ಣುಮಕ್ಕಳಿಗೆ ಇಂದು ಹೆರಿ ಎಂದು ಹೇಳುವುದು, ಎರಡೂ ಸಲ ಅವರನ್ನು ಸಂಖ್ಯೆಯಾಗಿ ಮಾತ್ರ ಕಂಡಂತಲ್ಲವೇ? ರಾಜಕೀಯ ಅನ್ಯಾಯಕ್ಕೆ ಸಂವಿಧಾನದೊಳಗೆ ಪರಿಹಾರ ಹುಡುಕಬೇಕೇ ಹೊರತು ಹೆರಿಗೆ ವಾರ್ಡಿನಲ್ಲಲ್ಲ.

ಹಾಗಾದರೆ ಮಾಡಬೇಕಾದ್ದೇನು? ಐದು ಸಂಗತಿಗಳನ್ನು ಮುಂದಿಡುತ್ತೇನೆ. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ; ಇರುವ ಕಾನೂನಿಗೆ ಜೀವ ಬೇಕು.

ಮೊದಲನೆಯದು, ನೀರಿನ ಲೆಕ್ಕ. ಕೊಳವೆಬಾವಿಗಳ ನೋಂದಣಿ ಮತ್ತು ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಆಯವ್ಯಯವನ್ನು ಪರಿಚಯಿಸಿದೆ. ಆ ಆಯವ್ಯಯ ಕಡತದಲ್ಲಿ ಉಳಿಯದೆ ಪ್ರತಿವರ್ಷ ಗ್ರಾಮಸಭೆಯಲ್ಲಿ ಓದಲ್ಪಡಬೇಕು. ಇಷ್ಟು ಮಳೆ ಬಂತು, ಇಷ್ಟು ಇಂಗಿತು, ಇಷ್ಟು ಎತ್ತಿದೆವು, ಮುಂದಿನ ಬೇಸಿಗೆಗೆ ಇಷ್ಟು ಉಳಿದಿದೆ ಎಂದು ಊರಿಗೆ ಗೊತ್ತಿರಬೇಕು.

ಎರಡನೆಯದು, ಬೆಳೆಯ ಲೆಕ್ಕ. ಅಡಿಕೆ ಬೆಳೆಯಬೇಡ ಎಂದು ರೈತನಿಗೆ ಉಪದೇಶಿಸುವ ನೈತಿಕ ಹಕ್ಕು, ಶೇಂಗಾ ಮತ್ತು ಸಿರಿಧಾನ್ಯಕ್ಕೆ ನಿಶ್ಚಿತ ಬೆಲೆ ಕೊಟ್ಟವನಿಗೆ ಮಾತ್ರ ಇರುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲೇ ಶೇಂಗಾ ಬೆಳೆಗಾರ ಕಂಗೆಟ್ಟಿರುವುದು ವಿಪರ್ಯಾಸ. ಉಚಿತ ವಿದ್ಯುತ್ತಿಗೆ ವ್ಯಯಿಸುವ ಹಣದ ಒಂದು ಭಾಗವನ್ನು, ವಿದ್ಯುತ್ತು ಉಳಿಸಿದ ರೈತನಿಗೇ ನಗದಾಗಿ ಕೊಡುವ ಪ್ರಯೋಗ ಕೆಲವು ಹೋಬಳಿಗಳಲ್ಲಾದರೂ ನಡೆಯಲಿ.

ಮೂರನೆಯದು, ಕೆರೆ ಮತ್ತು ಕಾವಲು. ಕೆರೆಯಂಗಳದ ಬಳ್ಳಾರಿ ಜಾಲಿಯನ್ನು ತೆಗೆದು, ಹೂಳೆತ್ತಿ, ನೀರು ಬರುವ ಹಳ್ಳಗಳ ಒತ್ತುವರಿ ಬಿಡಿಸಬೇಕು. ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ನಿರ್ದೇಶನ ನೀಡಿದೆ. ಉಳಿದಿರುವ ಕಾವಲುಗಳ ಗಡಿ ಗುರುತಿಸಿ, ಅಲ್ಲಿ ಮೇಯಿಸುವ ಸಮುದಾಯಗಳ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶೀಲಿಸಿ, ನಿರ್ವಹಣೆಯನ್ನು ಅವರ ಕೈಗೆ ಕೊಡಬೇಕು.

ನಾಲ್ಕನೆಯದು, ಜನಸಂಖ್ಯೆಯ ಕೆಲಸ ಮುಗಿದಿಲ್ಲ, ಅದರ ಸ್ವರೂಪ ಬದಲಾಗಿದೆ. ಐದನೆಯ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಕುಟುಂಬ ಯೋಜನೆಯ ಹೊರೆ ಇಂದಿಗೂ ಹೆಂಗಸರ ಶಸ್ತ್ರಚಿಕಿತ್ಸೆಯ ಮೇಲೇ ನಿಂತಿದೆ; ಗಂಡಸರ ಪಾಲು ಶೂನ್ಯದ ಆಸುಪಾಸಿನಲ್ಲಿದೆ. ಹೋಬಳಿಗೊಂದು ಒಳ್ಳೆಯ ವಿದ್ಯಾರ್ಥಿನಿಲಯ, ಹುಡುಗಿಯರು ಭಯವಿಲ್ಲದೆ ಕಾಲೇಜಿಗೆ ಹೋಗಿಬರುವ ಬಸ್ಸು, ಇವು ಸಾವಿರ ಭಿತ್ತಿಪತ್ರಗಳಿಗಿಂತ ಹೆಚ್ಚಿನ ಫಲ ಕೊಡುತ್ತವೆ.

ಐದನೆಯದು, ಎಣಿಕೆಯ ವಿಸ್ತಾರ. 2021ರಲ್ಲಿ ಆಗಬೇಕಿದ್ದ ಜನಗಣತಿಗೆ 2027ರ ಮಾರ್ಚ್ 1 ಗಣನೆಯ ದಿನವೆಂದು ನಿಗದಿಯಾಗಿದೆ. ಜನರನ್ನು ಎಣಿಸುವ ಆ ಹೊತ್ತಿನಲ್ಲೇ ರಾಜ್ಯ ಸರ್ಕಾರ ಪ್ರತಿ ಪಂಚಾಯಿತಿಯ ಕೊಳವೆಬಾವಿಗಳನ್ನು, ಬತ್ತಿದವನ್ನೂ ಸೇರಿಸಿ, ಎಣಿಸಲಿ. ಗೋಮಾಳವನ್ನು ಅಳೆಯಲಿ. ಮಂದೆಗಳನ್ನು ಹೊರಗೂರಿಗೆ ಹೋಗುವ ಮುನ್ನ ಲೆಕ್ಕ ಹಿಡಿಯಲಿ. ನಾನು ಕಚೇರಿಯಲ್ಲಿ ಕೂತು ಮಾಡಿದ ತಪ್ಪನ್ನು ಇಂದಿನ ಕಿರಿಯ ಅಧಿಕಾರಿಗಳು ಮಾಡದಿರಲಿ.

ತಿಪ್ಪೇರುದ್ರಸ್ವಾಮಿ ನಾಯಕನಹಟ್ಟಿಯ ಸುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂಬುದು ನಮ್ಮ ಕಡೆಯ ಐತಿಹ್ಯ. ಸಂಜೆ ಕೂಲಿಯವರು ತಮ್ಮ ತಮ್ಮ ಮರಳಿನ ಗುಡ್ಡೆ ಕೆದಕಿದರೆ, ಅವರವರು ದುಡಿದಷ್ಟೇ ಹಣ ಅದರಡಿ ಸಿಗುತ್ತಿತ್ತಂತೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಅವರ ಹೆಸರಿನೊಡನೆ ಇಂದಿಗೂ ನಾಲಗೆಯಲ್ಲಿರುವ ಮಾತು. ನನಗೆ ಇದಕ್ಕಿಂತ ಮಿಗಿಲಾದ ಪರಿಸರ ಅರ್ಥಶಾಸ್ತ್ರ ಕಾಣದು. ನೆಲಕ್ಕೆ ಎಷ್ಟು ಕೊಟ್ಟೆವೋ ಅಷ್ಟನ್ನು ಮಾತ್ರ ನೆಲದಿಂದ ಪಡೆಯುವುದು. ಆ ಲೆಕ್ಕದಲ್ಲಿ ಎಷ್ಟು ಜನ ಉಣ್ಣುತ್ತಾರೆಂಬ ಪ್ರಶ್ನೆಗಿಂತ, ಇಂಗಿಸಿದ್ದೆಷ್ಟು, ಎತ್ತಿದ್ದೆಷ್ಟು ಎಂಬ ಪ್ರಶ್ನೆ ದೊಡ್ಡದು.

ಹೊಲದಿಂದ ಮರಳುವಾಗ ಅಣ್ಣನನ್ನು ಕೇಳಿದೆ: 'ಎಂಟನೇದು ಕೊರೆಸ್ತೀಯಾ?' ಅವನು ಅಡಿಕೆ ಗಿಡಗಳ ಕಡೆ ನೋಡಿದ. ಗರಿಗಳು ಆಗಲೇ ಹಳದಿಗೆ ತಿರುಗಿದ್ದವು. 'ಕೊರೆಸಬಾರದು ಅಂತ ಗೊತ್ತು. ಕೊರೆಸದಿದ್ರೆ ಇವು ಉಳಿಯಲ್ಲ ಅಂತಾನೂ ಗೊತ್ತು. ನೀನೇ ಹೇಳಪ್ಪ, ನೀನು ಓದಿದವನು' ಎಂದ.

ಅವನೊಬ್ಬನೇ ಪರಿಹರಿಸಬಲ್ಲ ಪ್ರಶ್ನೆ ಇದಲ್ಲ. ಅವನು ನಿಲ್ಲಿಸಿದರೆ ಪಕ್ಕದ ಹೊಲದವನು ಕೊರೆಯುತ್ತಾನೆ. ಊರು ಕೂಡಿ, ಸರ್ಕಾರ ಜೊತೆನಿಂತು, ನಗರ ತನ್ನ ಪಾಲಿನ ಬೆಲೆ ತೆತ್ತು ಉತ್ತರಿಸಬೇಕಾದ ಪ್ರಶ್ನೆಯಿದು. ಮಕ್ಕಳನ್ನು ಕಡಿಮೆ ಮಾಡಿಕೊಳ್ಳಿ ಎಂದು ನಾವು ಹೇಳಿದ ಮಾತನ್ನು ಆ ಜನ ಕೇಳಿದ್ದಾರೆ, ನಡೆಸಿಯೂ ತೋರಿಸಿದ್ದಾರೆ. ಮಾತು ಉಳಿಸಿಕೊಳ್ಳಬೇಕಾದ ಸರದಿ ಈಗ ನಮ್ಮದು.